ಮೂರನೆಯ ಕೀಲಿಕೈ

ಚರ್ಚಿನಲ್ಲಿ ಮೇಣದಬತ್ತಿ ಹಚ್ಚಿ, ಡಬ್ಬಿಗೆ ಒಂದು ಡಾಲರ್ ಹಾಕಿ, ಅದಕ್ಕೆ ಪಾದ್ರಿಯ ಹತ್ತಿರ ರಸೀದಿ ಕೇಳಿದ ಮನುಷ್ಯ ರೊಸೇರ್ ಗೊಡ್ರೊ. ಇದು ನಡೆದು ಇಪ್ಪತ್ತು ವರ್ಷವಾದರೂ ನಮ್ಮೂರಿನವರು ಇನ್ನೂ ನೆನೆಸಿಕೊಂಡು ನಗುತ್ತಾರೆ. ಬೇಕರಿಯಲ್ಲಿ ಬ್ರೆಡ್ಡು ಇವತ್ತಿನದೇ ಎಂದರೆ ಅವನು ಒತ್ತಿ ನೋಡದೆ ಬಿಡುವವನಲ್ಲ. ಹೋಟೆಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟೇ ಕೂರಬೇಕು. ಯಾರಾದರೂ ನಗುತ್ತಾ ಮಾತಾಡಿಸಿದರೆ ಇವನಿಗೆ ನನ್ನಿಂದ ಏನಾಗಬೇಕಪ್ಪಾ ಎಂದು ಹುಬ್ಬು ಗಂಟಿಕ್ಕುತ್ತಾನೆ.

ಅವನ ಕಸುಬು ಬೀಗದ್ದು. ನಮ್ಮೂರು ಹಡ್ಸನ್ ನದಿಯ ದಂಡೆಯ ಹಳೆಯ ಗಿರಣಿ ಊರು. ಫ್ರೆಂಚ್ ಮಾತಿನ ಕ್ಯುಬೆಕ್‌ನಿಂದ ನೂಲು ತೆಗೆಯಲು ಬಂದವರ ಮೊಮ್ಮಕ್ಕಳೇ ಇಲ್ಲಿ ಹೆಚ್ಚು. ಸೇತುವೆಯ ಹತ್ತಿರದ 'ಶಾರ್ಬೊನೊ ಬೀಗದಂಗಡಿ' ಅವನ ಮಾವ ಒವಿಲಾ ಶಾರ್ಬೊನೊ ಇಟ್ಟದ್ದು. ಒವಿಲಾ ತೀರಿಕೊಂಡು ಹದಿನೇಳು ವರ್ಷವಾಗಿದೆ. ಲೋಕದಲ್ಲಿ ರೊಸೇರ್ ಕಣ್ಣುಮುಚ್ಚಿ ನಂಬಿದ ಮನುಷ್ಯ ಯಾರಾದರೂ ಇದ್ದರೆ ಅದು ಒವಿಲಾ. ಹೆಂಡತಿ ಫೆರ್ನಾಂದಳನ್ನು ನಂಬುತ್ತಿದ್ದನೇ ಎಂದು ಕೇಳಿದರೆ, ಬಹುಮಟ್ಟಿಗೆ ಎನ್ನಬೇಕು.

2021ರ ಜುಲೈ ಕೊನೆಗೆ ಅವನಿಗೊಂದು ಕಾಗದ ಬಂತು. ದಪ್ಪ ಹಾಳೆ, ಮೇಲೆ ಎಲೆಬಳ್ಳಿಯ ಮುದ್ರೆ: ಫರ್ನ್‌ಕಿಲ್ ಬಾಲಕರ ಮನೆ, ಧರ್ಮದರ್ಶಿಗಳ ಮಂಡಲಿ. ಬಾಲಕರ ಮನೆ ಮುಚ್ಚಿ ಮೂವತ್ತು ವರ್ಷವಾಗಿತ್ತು. ಕಟ್ಟಡ ಮಾರಿ, ಒಳಗೆ ಫ್ಲಾಟುಗಳಾಗಿದ್ದವು. ಆದರೆ ಮಂಡಲಿ ಮಾತ್ರ ಗಟ್ಟಿಯಾಗಿ ಉಳಿದುಕೊಂಡಿತ್ತು. "ನಮ್ಮಲ್ಲಿ ಬೆಳೆದ ಪ್ರೀತಿಯ ಮಿತ್ರರೇ" ಎಂದು ಶುರುವಾದ ಆ ಕಾಗದದಲ್ಲಿ, ಅಲ್ಲಿ ಯಾರಿಗಾದರೂ ನೋವಾಗಿದ್ದರೆ ಒಂದು ಸಾಂತ್ವನ ನಿಧಿ ಇದೆಯೆಂದೂ, ಜತೆಯ ನಮೂನೆ ತುಂಬಿ ಸಹಿ ಹಾಕಿ ಬೇಗ ಕಳಿಸಬೇಕೆಂದೂ ಬರೆದಿತ್ತು.

'ಬೇಗ' ಎಂದು ನೋಡಿದ ಕೂಡಲೇ ರೊಸೇರನ ಕಿವಿ ನೆಟ್ಟಗಾಯಿತು. ಅವನು ಹತ್ತನೇ ವಯಸ್ಸಿಗೆ ತಾಯಿಯನ್ನು ಕಳೆದುಕೊಂಡು ಆ ಮನೆ ಸೇರಿದವನು, ಹದಿನೇಳಕ್ಕೆ ಹೊರಬಿದ್ದು ಒವಿಲಾನ ಅಂಗಡಿಯಲ್ಲಿ ಕೆಲಸಕ್ಕೆ ನಿಂತವನು. ಅಂದಿನಿಂದ ನಲವತ್ತಾರು ವರ್ಷ ಒಂದು ಕ್ರಿಸ್‌ಮಸ್ ಕಾರ್ಡನ್ನೂ ಕಳಿಸದವರಿಗೆ ಈಗ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿದ್ದು ಯಾಕೆ? ಅವಸರ ಯಾರದು? ಕಾಗದವನ್ನು ಮಡಿಸಿ ಮೇಜಿನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದ. ಮಡಿಕೆಯ ಮೇಲೆ ತನ್ನ ತಲೆಯದೇ ಒಂದು ಬಿಳಿ ಕೂದಲನ್ನೂ ಇಟ್ಟ. ಯಾರಾದರೂ ಬಿಚ್ಚಿದರೆ ಗೊತ್ತಾಗಲಿ ಎಂದು.

ಫರ್ನ್‌ಕಿಲ್‌ನಲ್ಲಿ ಅವನಿಗೆ ಹನ್ನೆರಡಾಗಿದ್ದಾಗ ಜ್ವರ ಬಂದು, ಮಹಡಿಯ ಮೇಲಿನ ರೋಗಿಗಳ ಕೋಣೆಯಲ್ಲಿ ಒಬ್ಬನನ್ನೇ ಮಲಗಿಸಿದ್ದರು. ಹ್ಯಾಸ್ಕೆಲ್ ಎಂಬ ಉಸ್ತುವಾರಿಯವನ ಹತ್ತಿರ ಆ ಕೋಣೆಯ ಕೀಲಿಕೈ ಇತ್ತು. ಅವನು ಆ ಹುಡುಗನಿಗೆ ಮಾಡಿದ್ದು ಒಂದು ದಿನದ ಅನ್ಯಾಯವಲ್ಲ, ಒಂದು ಇಡೀ ಚಳಿಗಾಲದ್ದು. ರೊಸೇರ್ ಅದನ್ನು ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ ಕೂಡ. ಹೊರಗಿನಿಂದ ಬೀಗ ತಿರುಗುವ ಸದ್ದು ಮಾತ್ರ ಅವನ ಕಿವಿಯಲ್ಲಿ ಉಳಿದುಬಿಟ್ಟಿತ್ತು.

ಒಂದು ವಾರ ಆ ಕಾಗದವನ್ನು ಮೂಸಿ ನೋಡಿದ್ದಾಯಿತು. ಆಮೇಲೆ ಪಕ್ಕದ ಊರಿನ ವಕೀಲೆ ಕೋರಾ ವಾನ್ ಡ್ಯೂಸನ್ ಬಳಿಗೆ ಹೋದ. ಒಳಗೆ ಹೋಗುವ ಮುಂಚೆ ಬಾಗಿಲ ಬೀಗ ನೋಡಿದ. ಹಾರ್ಡ್‌ವೇರ್ ಅಂಗಡಿಯ ಅಗ್ಗದ ಮಾಲು, ಒಂದು ಹೇರ್‌ಪಿನ್ನಿಗೆ ಬಾಯಿ ಬಿಡುವಂಥದ್ದು. ಇಂಥ ಬೀಗ ಹಾಕಿಕೊಂಡವಳು ನನ್ನ ಗುಟ್ಟು ಕಾಯುತ್ತಾಳೆಯೇ ಎಂದುಕೊಂಡೇ ಒಳಗೆ ಹೋದ.

"ಕೂತ್ಕೊಳಿ ಮಿಸ್ಟರ್ ಗೊಡ್ರೊ," ಎಂದಳು ವಕೀಲೆ. ಐವತ್ತರ ಆಸುಪಾಸಿನ ಹೆಂಗಸು, ಕನ್ನಡಕ ತಲೆಯ ಮೇಲೇರಿತ್ತು.

"ನಿಂತೇ ಇರ್ತೀನಿ. ನೀವು ನಿಜವಾಗ್ಲೂ ವಕೀಲರೇನಾ?"

ಅವಳು ಗೋಡೆಯ ಮೇಲಿನ ಪ್ರಮಾಣಪತ್ರ ತೋರಿಸಿದಳು.

"ಅದನ್ನ ಯಾರ್ ಬೇಕಾದ್ರೂ ಪ್ರಿಂಟ್ ಹಾಕಿಸ್ಕೋಬೋದು. ನಾನು ವಕೀಲರ ಸಂಘಕ್ಕೇ ಫೋನ್ ಮಾಡಿ ಕೇಳಿದೀನಿ ಬಿಡಿ."

"ಏನಂದ್ರು?"

"ಇದಾರೆ ಅಂದ್ರು."

"ಸದ್ಯ! ನನಗೂ ಸಮಾಧಾನ ಆಯ್ತು," ಎಂದು ಅವಳು ನಕ್ಕಳು. ರೊಸೇರ್ ನಗಲಿಲ್ಲ, ಆದರೆ ಕುರ್ಚಿಯನ್ನು ಗೋಡೆಗೆ ಎಳೆದುಕೊಂಡು ಕೂತ.

ಹೇಳಬೇಕಾದ್ದನ್ನು ಅವನು ನಾಲ್ಕು ಮಾತಿನಲ್ಲಿ, ನೆಲ ನೋಡುತ್ತಾ ಹೇಳಿ ಮುಗಿಸಿದ. ವಕೀಲೆ ಮೆಲ್ಲಗೆ ಕೇಳಿದಳು: "ಹ್ಯಾಸ್ಕೆಲ್ ಬದುಕಿದಾನಾ?"

"ಸತ್ತು ಹತ್ತೊಂಬತ್ತು ವರ್ಷ. ಪೇಪರ್‌ನಲ್ಲಿ ಬಂದಿತ್ತು. ನಿಜವೋ ಸುಳ್ಳೋ ಅಂತ ಸ್ಮಶಾನಕ್ಕೆ ಹೋಗಿ ಕಲ್ಲು ನೋಡ್ಕೊಂಡ್ ಬಂದೆ."

"ಹಾಗಾದ್ರೆ ಪೊಲೀಸ್ ಕೇಸು ಇಲ್ಲ, ಸತ್ತೋನನ್ನ ಜೈಲಿಗೆ ಹಾಕಕ್ಕಾಗಲ್ಲ. ಆದ್ರೆ ಸಿವಿಲ್ ದಾವೆ ಬೇರೆ. ಅದು ಆ ಸಂಸ್ಥೆ ಮೇಲೆ. ನೋಡ್ಕೋಬೇಕಾದೋರು ನೋಡ್ಕೊಳ್ಳಲಿಲ್ಲ ಅಂತ. ಮೊದಲಾದ್ರೆ ನಿಮ್ಮ ವಯಸ್ಸಿನೋರಿಗೆ ಅವಧಿ ಮುಗಿದುಹೋಗಿತ್ತು. ರಾಜ್ಯದೋರು ಎರಡು ವರ್ಷಕ್ಕೆ ಅಂತ ಅವಕಾಶ ಕೊಟ್ರು, ಎಷ್ಟು ಹಳೇದಾದ್ರೂ ಬಂದು ಹೂಡಿ ಅಂತ. ಈ ಆಗಸ್ಟ್ ಮಧ್ಯಕ್ಕೆ ಅದು ಮುಗಿಯತ್ತೆ. ಹತ್ತು ದಿನ ಇದೆ."

ರೊಸೇರನಿಗೆ ಕಾಗದದ ಅವಸರ ಈಗ ಅರ್ಥವಾಯಿತು. "ಬಡ್ಡೀಮಕ್ಕಳು," ಎಂದ.

"ಹಾಗಂತ ಅವರ ನಿಧಿ ಮೋಸ ಅಂತಲ್ಲ. ಸಹಿ ಹಾಕಿದ್ರೆ ಬೇಗ ದುಡ್ಡು ಬರುತ್ತೆ, ಕೋರ್ಟಲ್ಲಿ ನಿಂತು ಯಾರ್ ಮುಂದೇನೂ ಹೇಳ್ಬೇಕಿಲ್ಲ. ಕೆಲವರಿಗೆ ಅದೇ ಒಳ್ಳೇದು. ಆದ್ರೆ ಆ ನಮೂನೆಯ ಐದನೇ ಪುಟ ಓದಿ, ಬೇರೆಯವರಿಗೆ ಬಂದದ್ದನ್ನ ನಾನೂ ನೋಡಿದೀನಿ. ಸಹಿ ಹಾಕಿದ ಮೇಲೆ ದಾವೆ ಹೂಡೋ ಹಾಗಿಲ್ಲ. ಅವರಿಗೆ ಏನ್ ಗೊತ್ತಿತ್ತು ಅನ್ನೋದು ಯಾವತ್ತೂ ಹೊರಗೆ ಬರಲ್ಲ."

"ದಾವೆ ಗೆದ್ರೆ ನಿಮಗೆಷ್ಟು?"

"ಮೂರರಲ್ಲೊಂದು ಪಾಲು. ಸೋತ್ರೆ ಏನೂ ಇಲ್ಲ."

"ಅದಕ್ಕೇ ದಾವೆ ಹೂಡು ಅಂತೀರಿ."

"ನಾನೆಲ್ಲಿ ಅಂದೆ? ಎರಡು ದಾರಿ ಇದೆ ಅಂದೆ. ಹೂಡಿದ್ರೆ ಒಂದೇ ದೊಡ್ಡ ಪ್ರಶ್ನೆ ಬರುತ್ತೆ. ಹ್ಯಾಸ್ಕೆಲ್ ಎಂಥೋನು ಅಂತ ಮಂಡಲಿಗೆ ಮೊದಲೇ ಗೊತ್ತಿತ್ತಾ? ಗೊತ್ತಿದ್ದೂ ಮಕ್ಕಳ ಹತ್ರ ಬಿಟ್ರಾ? ಇನ್ನಿಬ್ಬರು ನನ್ನ ಹತ್ರ ಬಂದಿದಾರೆ. ಎಲ್ಲರ ಕೇಸೂ ಅಲ್ಲೇ ನಿಂತಿದೆ. ಹಳೇ ಕಡತವೆಲ್ಲ ಪ್ರವಾಹದಲ್ಲಿ ಹಾಳಾಯ್ತು ಅಂತಿದಾರೆ ಅವರು."

"ಪ್ರವಾಹಾನಾ? ಆ ಮನೆ ಇರೋದು ಗುಡ್ಡದ ಮೇಲೆ."

"ಅದು ನನಗೂ ಕಾಣ್ಸುತ್ತೆ, ಮಿಸ್ಟರ್ ಗೊಡ್ರೊ. ಅಲ್ಲಿಗೆ ಹೊರಗಿನೋರು ಯಾರಾದ್ರೂ ಬಂದು ಕೆಲಸ ಮಾಡ್ತಿದ್ರಾ? ಡಾಕ್ಟ್ರು, ಪ್ಲಂಬರು, ಬೀಗದೋರು? ಅಂಥೋರ ಹತ್ರ ಒಂದು ಚೀಟಿ ಸಿಕ್ಕಿದ್ರೂ ಸಾಕು."

ರೊಸೇರ್ ಕುರ್ಚಿಯಿಂದ ಎದ್ದೇಬಿಟ್ಟ. "ಬೀಗದೋರು ಅಂತ ಯಾಕಂದ್ರಿ? ಯಾರ್ ಹೇಳಿದ್ರು ನಿಮಗೆ?"

ವಕೀಲೆ ಕಿಟಕಿಯತ್ತ ಕೈ ತೋರಿಸಿದಳು. "ನಿಮ್ಮ ವ್ಯಾನ್ ಮೇಲೆ ಇಷ್ಟು ದಪ್ಪ ಅಕ್ಷರದಲ್ಲಿ ಬರೆದಿದೆಯಲ್ಲ!"

ಹೊರಡುವಾಗ ಅವಳೇ ಹೇಳಿದಳು: ಹೆಸರು ಬೇಡವೆಂದರೆ ಬರೀ ಆರ್.ಜಿ. ಎಂದು ಹಾಕಿ ಹೂಡಬಹುದು, ನ್ಯಾಯಾಧೀಶರಿಗೂ ಎದುರು ಪಕ್ಷಕ್ಕೂ ಬಿಟ್ಟರೆ ಊರಿಗೆ ಗೊತ್ತಾಗುವುದಿಲ್ಲ. ಅವನು ಅವತ್ತು ಯಾವುದಕ್ಕೂ ಸಹಿ ಹಾಕಲಿಲ್ಲ.

ದಾರಿಯುದ್ದಕ್ಕೂ ಅವನ ತಲೆಯಲ್ಲಿ ಒಂದೇ ವಿಷಯ. ಫರ್ನ್‌ಕಿಲ್‌ನ ಬೀಗದ ಕೆಲಸ ಮಾಡುತ್ತಿದ್ದವನು ಒವಿಲಾ ಶಾರ್ಬೊನೊ.

ಒವಿಲಾನ ಕೆಲಸದ ಕ್ರಮವೇ ಬೇರೆ. ಪ್ರತಿ ಕಟ್ಟಡಕ್ಕೂ ಅವನು ಒಂದು ಕಾರ್ಡು ಮಾಡುತ್ತಿದ್ದ. ಯಾವ ಬಾಗಿಲಿಗೆ ಯಾವ ಬೀಗ, ಎಷ್ಟು ಕೀಲಿಕೈ, ಯಾರ ಕೈಗೆ, ಯಾರ ಆದೇಶದ ಮೇಲೆ ಎಂದು ಸಣ್ಣ ಅಕ್ಷರದಲ್ಲಿ, ತನ್ನ ಫ್ರೆಂಚಿನಲ್ಲಿ ಬರೆದಿಡುತ್ತಿದ್ದ. ಆ ಕಾರ್ಡು ಕಟ್ಟಡದ ಯಜಮಾನನಿಗೆ ಬಿಟ್ಟು ಬೇರೆ ಯಾರ ಕಣ್ಣಿಗೂ ಬೀಳಬಾರದು. ಕಟ್ಟಡ ಮಾರಿದ ದಿನ ಕಾರ್ಡನ್ನು ಒಲೆಗೆ ಹಾಕಬೇಕು. ಕೆಲಸಕ್ಕೆ ಸೇರಿದ ಮೊದಲ ದಿನವೇ ಒವಿಲಾ ಇದನ್ನು ರೊಸೇರನಿಂದ ಆಣೆ ಮಾಡಿಸಿಕೊಂಡಿದ್ದ. "ಈ ಕಸುಬಲ್ಲಿ ಮೊದಲು ಬಾಯಿಗೆ ಬೀಗ ಹಾಕ್ಕೋಬೇಕು ಮಗಾ, ಆಮೇಲೆ ಬಾಗಿಲಿಗೆ," ಎಂದಿದ್ದ. ಅವತ್ತೇ ರೊಸೇರ್ ಕೂಡ ಒಂದು ಮಾತು ಹೇಳಿದ್ದ: ಫರ್ನ್‌ಕಿಲ್ ಕೆಲಸಕ್ಕೆ ಮಾತ್ರ ನನ್ನನ್ನು ಕಳಿಸಬೇಡಿ. ಒವಿಲಾ ಯಾಕೆಂದು ಕೇಳಿರಲಿಲ್ಲ. "ಆಯ್ತು ಮಗಾ" ಎಂದಷ್ಟೇ ಹೇಳಿದ್ದ. ಆಮೇಲೆ ತಾನೂ ಆ ಗುಡ್ಡ ಹತ್ತಲಿಲ್ಲ.

ಕಾರ್ಡುಗಳ ತಗಡಿನ ಪೆಟ್ಟಿಗೆ ಇವತ್ತಿಗೂ ಅಂಗಡಿಯ ನೆಲಮಾಳಿಗೆಯಲ್ಲಿದೆ. ನಲವತ್ತಾರು ವರ್ಷ ದಿನಾ ಅದರ ಪಕ್ಕದಲ್ಲೇ ಓಡಾಡಿದರೂ ರೊಸೇರ್ ಫರ್ನ್‌ಕಿಲ್‌ನ ಕಾರ್ಡನ್ನು ತೆಗೆದು ನೋಡಿರಲಿಲ್ಲ. ಆಣೆ ಆಣೆಯೇ. ತನ್ನ ಬಾಳನ್ನು ಹಾಳು ಮಾಡಿದವರ ಗುಟ್ಟನ್ನು ತಾನೇ ಕಾವಲು ಕಾಯುತ್ತಾ ಕೂತಿದ್ದ. ಇಂಥ ಪೆದ್ದುತನ ಬೀಗದವರಿಗೆ ಬಿಟ್ಟು ಬೇರೆ ಯಾರಿಗೆ ಬರುತ್ತದೆ, ನೀವೇ ಹೇಳಿ.

ಮನೆಗೆ ಬಂದು ಡ್ರಾಯರ್ ತೆಗೆದ. ಕಾಗದವಿತ್ತು. ಕೂದಲಿರಲಿಲ್ಲ.

ಫೆರ್ನಾಂದ್ ಅಡುಗೆಮನೆಯಲ್ಲಿ ಬೀನ್ಸಿಗೆ ಕಾಕಂಬಿ ಹಾಕಿ ಕಲಕುತ್ತಿದ್ದಳು. ಅವನು ಬಾಗಿಲಲ್ಲಿ ನಿಂತ.

"ನನ್ನ ಕಾಗದ ಓದಿದ್ಯಾ?"

"ಓದ್ದೆ."

"ಡ್ರಾಯರಿಗೆ ಬೀಗ ಹಾಕಿತ್ತು!"

"ನಾನು ಒವಿಲಾ ಶಾರ್ಬೊನೊ ಮಗಳು ಕಣಯ್ಯಾ. ಹತ್ತು ವರ್ಷಕ್ಕೇ ಬೀಗ ಬಿಚ್ತಿದ್ದೆ. ನಿನ್ನ ಡ್ರಾಯರ್ ಯಾವ ಲೆಕ್ಕ?" ಅವಳು ಸೌಟನ್ನು ಕೆಳಗಿಟ್ಟಳು. "ಕೂದಲು ಬೇರೆ ಇಡ್ತಾನಂತೆ. ಅದೇನು, ನಾನು ಕಳ್ಳಿಯಾ? ಒಂದು ವಾರದಿಂದ ಊಟ ಸರಿಯಾಗಿ ಮಾಡ್ತಿಲ್ಲ. ಕೇಳಿದ್ರೆ ಗುರ್ ಅಂತೀಯ. ನಾನಿನ್ನೇನ್ ಮಾಡ್ಲಿ?"

ಅವನಿಗೆ ಮೈಯೆಲ್ಲ ಉರಿಯಿತು. ಬೈಯಬೇಕೆಂದು ಬಾಯಿ ತೆರೆದವನು ಯಾಕೋ ಕುರ್ಚಿಯ ಮೇಲೆ ಕುಸಿದು ಕೂತ. ವಕೀಲೆಗೆ ಹೇಳಿದ ಆ ನಾಲ್ಕು ಮಾತನ್ನೇ ಮತ್ತೆ ಹೇಳಿದ. ಎರಡನೇ ಸಲ ಹೇಳುವುದು ಸುಲಭವಾಗಬಹುದು ಎಂದುಕೊಂಡಿದ್ದ. ಆಗಲಿಲ್ಲ.

ಫೆರ್ನಾಂದ್ ಒಲೆ ಆರಿಸಿ ಅವನೆದುರು ಕೂತಳು. ಮುಟ್ಟಲು ಹೋಗಲಿಲ್ಲ, ಅವನನ್ನು ಯಾವಾಗ ಮುಟ್ಟಬಾರದೆಂದು ಅವಳಿಗೆ ಗೊತ್ತಿತ್ತು. ಆಮೇಲೆ ಹೇಳಿದಳು:

"ಮದುವೆ ಹಿಂದಿನ ದಿನ ಅಪ್ಪ ನನ್ನ ಕರೆದು ಒಂದು ಮಾತು ಹೇಳಿದ್ರು. ಅವನಿರೋ ರೂಮಿಗೆ ಯಾವಾಗ್ಲೂ ಬಾಗಿಲು ತಟ್ಟಿ ಹೋಗು, ಹೊರಗಿಂದ ಮಾತ್ರ ಯಾವತ್ತೂ ಚಿಲಕ ಹಾಕ್ಬೇಡ ಅಂತ. ಯಾಕಪ್ಪಾ ಅಂದೆ. ಹೇಳ್ಲಿಲ್ಲ. ಮೂವತ್ತೆಂಟು ವರ್ಷ ತಟ್ಕೊಂಡೇ ಬಂದಿದೀನಿ, ಮರ್ಯಾದೆಗೆ ಅಂದ್ಕೊಂಡು."

ರೊಸೇರ್ ತಲೆಯೆತ್ತಿದ. ಅವಳು ಬಾಗಿಲು ತಟ್ಟುವುದು ಅವನಿಗೆ ಗೊತ್ತಿತ್ತು. ಅದು ಅವಳ ಅಭ್ಯಾಸ ಎಂದುಕೊಂಡಿದ್ದ. "ನಿಮ್ಮಪ್ಪಂಗೆ ಹೇಗ್ ಗೊತ್ತು?" ಎಂದ. "ನಾನು ಯಾರಿಗೂ ಹೇಳಿಲ್ಲ. ಒಂದು ಪಿಳ್ಳೆಗೂ ಹೇಳಿಲ್ಲ. ಅವರಿಗೆ ಹೇಗ್ ಗೊತ್ತಾಯ್ತು?"

ಊರಿನ ಬೇಕರಿಯವನನ್ನೂ ಪಾದ್ರಿಯನ್ನೂ ಅನುಮಾನಿಸಿದ ಮನುಷ್ಯ ಒಬ್ಬನನ್ನು ಮಾತ್ರ ಬಿಟ್ಟಿದ್ದ. ಈಗ ಅದೇ ಒಬ್ಬನ ಮೇಲೆ ಅನುಮಾನ ಬಂದು ಕೂತಿತು.

ಇಬ್ಬರೂ ಅಂಗಡಿಗೆ ಹೋಗಿ ನೆಲಮಾಳಿಗೆಗೆ ಇಳಿದರು. ತಗಡಿನ ಪೆಟ್ಟಿಗೆಯ ಮುಂದೆ ರೊಸೇರನ ಕೈ ನಿಂತುಬಿಟ್ಟಿತು.

"ಆಣೆ ಮಾಡಿದೀನಿ," ಎಂದ.

"ಯಾರಿಗೆ? ಅಪ್ಪಂಗೆ ತಾನೇ? ಅವರ ಮಗಳು ಹೇಳ್ತಿದೀನಿ, ತೆಗಿ."

'ಎಫ್' ಎಂದಿದ್ದ ಕಡೆ ಫರ್ನ್‌ಕಿಲ್‌ನ ಕಾರ್ಡು ಇರಲಿಲ್ಲ. ಒವಿಲಾ ಸುಟ್ಟಿದ್ದಾನೆ ಎಂದುಕೊಂಡ ರೊಸೇರ್. ಕಟ್ಟಡ ಮಾರಿದ ಮೇಲೆ ಸುಡುವುದೇ ಕ್ರಮ. ಆದರೆ ಫೆರ್ನಾಂದ್ ಸುಮ್ಮನಿರದೆ ಮುಂದಿನ ಸಾಲನ್ನೂ ಬೆರಳಲ್ಲಿ ಹೊರಳಿಸಿದಳು. ಅಲ್ಲಿ 'ಗೊಡ್ರೊ, ರೊಸೇರ್' ಎಂಬ ಕಾರ್ಡೊಂದು ಸಿಕ್ಕಿತು. ಅದರ ಬೆನ್ನಿಗೆ ತುಕ್ಕು ಹಿಡಿದ ಗುಂಡುಸೂಜಿಯಿಂದ ಇನ್ನೊಂದು ಕಾರ್ಡು ಸೇರಿಸಿತ್ತು.

ಮೇಲಿನ ಕಾರ್ಡಿನಲ್ಲಿ ಹೀಗಿತ್ತು: "ಜೂನ್ 1975. ಅಂಗಡಿಯ ಮೇಲಿನ ಕೋಣೆ. ಹೊಸ ಬೀಗ. ಕೀಲಿಕೈ ಒಂದೇ, ಹುಡುಗನಿಗೆ. ಇನ್ನೊಂದನ್ನು ಯಾರಿಗೂ ಮಾಡಿಕೊಡಬಾರದು. ನನಗೂ ಬೇಡ."

ಆ ಕೋಣೆ ರೊಸೇರನಿಗೆ ಚೆನ್ನಾಗಿ ನೆನಪಿತ್ತು. ಬಾಳಿನಲ್ಲಿ ಮೊದಲ ಸಲ ಅವನು ನೆಮ್ಮದಿಯಾಗಿ ಮಲಗಿದ್ದು ಅಲ್ಲೇ.

ಹಿಂದಿನ ಕಾರ್ಡು ಫರ್ನ್‌ಕಿಲ್‌ದು. "ಮಾರ್ಚ್ 1969. ಮಹಡಿಯ ರೋಗಿಗಳ ಕೋಣೆ. ಬೀಗ ಬದಲಾವಣೆ. ಕೀಲಿಕೈ ಎರಡು: ಮುಖ್ಯಸ್ಥರಿಗೆ, ದಾದಿಗೆ. ಹ್ಯಾಸ್ಕೆಲ್‌ಗೆ ಕೊಡಬಾರದು. ಆದೇಶ: ಮಂಡಲಿಯ ಅಧ್ಯಕ್ಷರು." ಅದರ ಕೆಳಗೆ: "ಸೆಪ್ಟೆಂಬರ್ 1970. ಅದೇ ಕೋಣೆ. ಮೂರನೆಯ ಕೀಲಿಕೈ. ಹ್ಯಾಸ್ಕೆಲ್‌ಗೆ. ಆದೇಶ: ಮಂಡಲಿಯ ಅಧ್ಯಕ್ಷರು." ಅದಕ್ಕೂ ಕೆಳಗೆ, ಇನ್ನೂ ಸಣ್ಣ ಅಕ್ಷರದಲ್ಲಿ: "ಮೊದಲು ಬೇಡವೆಂದು ಈಗ ಯಾಕೆ ಎಂದು ಕೇಳಿದೆ. ನಿನಗೆ ಸಂಬಂಧವಿಲ್ಲ ಎಂದರು. ಮಾಡಿಕೊಟ್ಟೆ."

ರೊಸೇರನಿಗೆ ಜ್ವರ ಬಂದದ್ದು 1970ರ ಅಕ್ಟೋಬರಿನಲ್ಲಿ.

ಅವನು ಕಾರ್ಡನ್ನು ಎರಡು ಸಲ ಓದಿದ. ಮೂರನೇ ಸಲ ಓದಲು ಕಣ್ಣು ಮಂಜಾಗಿತ್ತು. "ಕೇಳಿದಾನೆ," ಎಂದ. "ಅನುಮಾನ ಬಂದಿದೆ, ಕೇಳಿದಾನೆ. ಕೇಳಿ, ಮಾಡ್ಕೊಟ್ಟಿದಾನೆ! ಆ ಕೀ ಇವನ ಕೈಯಿಂದಾನೇ ಹೋಗಿದ್ದು!" ಗೋಡೆಗೆ ತಗುಲಿಹಾಕಿದ್ದ ಕೀಲಿಕೈಗಳ ಹಲಗೆಗೆ ಮುಷ್ಟಿಯಿಂದ ಗುದ್ದಿದ. ನೂರಾರು ಕೀಲಿಕೈಗಳು ಝಣಝಣ ಎಂದವು. ಅಪ್ಪನಿಗಿಂತ ಹೆಚ್ಚಾಗಿ ಪ್ರೀತಿಸಿದ ಮನುಷ್ಯನ ಮೇಲೆ ಬಂದ ಸಿಟ್ಟಿಗೆ ತಲೆಬುಡವಿಲ್ಲ. ಅದು ಹ್ಯಾಸ್ಕೆಲ್ ಮೇಲಿನ ಸಿಟ್ಟಿಗಿಂತಲೂ ಹೆಚ್ಚಾಗಿ ಸುಟ್ಟಿತು.

ಫೆರ್ನಾಂದ್ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಳು. ಅವನು ಸ್ವಲ್ಪ ತಣ್ಣಗಾದ ಮೇಲೆ ಅವಳನ್ನೇ ನೋಡಿದ. ಹಳೆಯ ಚಾಳಿ ಎಲ್ಲಿ ಹೋಗುತ್ತದೆ? ಇವಳು ಈಗ ಇದನ್ನು ಮುಚ್ಚಿಡು ಎನ್ನುತ್ತಾಳೆ ಎಂದುಕೊಂಡ. ಅವಳು ಅನ್ನುವ ಮೊದಲೇ ತಾನೇ ಅಂದ.

"ಇದನ್ನ ಕೊಟ್ರೆ ನಿಮ್ಮಪ್ಪನ ಹೆಸರು ಕೋರ್ಟಲ್ಲಿ ಬರುತ್ತೆ. ಪೇಪರ್‌ನಲ್ಲೂ ಬರುತ್ತೆ. ಬೇಡ ಅಂದ್ರೆ ಈಗ್ಲೇ ಹೇಳು. ಸುಟ್‌ಬಿಡ್ತೀನಿ."

"ನನ್ನ ಪರೀಕ್ಷೆ ಮಾಡ್ತಿದೀಯಾ?" ಫೆರ್ನಾಂದ್ ಮೂಗೊರೆಸಿಕೊಂಡು ಎದ್ದಳು. "ಮಾರಿದ ಕಟ್ಟಡದ್ದೆಲ್ಲಾ ಕಾರ್ಡು ಸುಟ್ಟೋರು ಇದೊಂದನ್ನ ಯಾಕೆ ಸುಡ್ಲಿಲ್ಲ? ನಿನ್ನ ಹೆಸರಿಗೆ ಯಾಕೆ ಚುಚ್ಚಿಟ್ರು? ನೀನು ಫರ್ನ್‌ಕಿಲ್ ಕೆಲಸ ಬೇಡ ಅಂದೆ ಅಂತ ಅಪ್ಪ ಒಂದ್ಸಲ ಹೇಳಿದ್ರು, ಆ ದಿನಾನೇ ಅವರಿಗೆ ಅರ್ಥ ಆಗಿದೆ. ಬಾಯಿಬಿಟ್ಟು ಹೇಳೋ ಧೈರ್ಯ ಇರ್ಲಿಲ್ಲ ನಮ್ಮಪ್ಪಂಗೆ, ಪುಕ್ಕಲ. ಬರೆದಿಟ್ಟು ಹೋದ್ರು. ಇದು ನಿನ್ನದು. ತಗೊಂಡ್ ಹೋಗಿ ಕೊಡು. ಅಕ್ಷರ ಯಾರದು ಅಂತ ಕೇಳಿದ್ರೆ ನಾನು ಹೇಳ್ತೀನಿ, ಎಲ್ಲಿ ಬೇಕಾದ್ರೂ ನಿಂತು."

ಅವನು ಅವಳ ಮುಖವನ್ನು ಹುಡುಕಿ ಹುಡುಕಿ ನೋಡಿದ. ಅಲ್ಲಿ ಅನುಮಾನಿಸುವಂಥದ್ದು ಏನೂ ಸಿಗಲಿಲ್ಲ.

ಅವಧಿ ಮುಗಿಯಲು ಇನ್ನು ಮೂರೇ ದಿನವಿದ್ದಾಗ ಗಂಡಹೆಂಡಿರಿಬ್ಬರೂ ವಕೀಲೆಯ ಕಚೇರಿಗೆ ಹೋದರು. ರೊಸೇರ್ ಕೈಯಲ್ಲಿ ಉಪಕರಣದ ಪೆಟ್ಟಿಗೆ ಇತ್ತು.

"ಮೊದಲು ಈ ಬೀಗ ಬದಲಾಯಿಸ್ತೀನಿ. ಆಮೇಲೆ ಮಾತು."

"ನನ್ನ ಬೀಗಕ್ಕೆ ಏನಾಗಿದೆ?" ಎಂದಳು ವಕೀಲೆ.

ಅವನು ಫೆರ್ನಾಂದಳತ್ತ ನೋಡಿದ. ಅವಳು ತಲೆಯಿಂದ ಒಂದು ಹೇರ್‌ಪಿನ್ ತೆಗೆದು, ಬೀಗ ಹಾಕಿದ ಬಾಗಿಲನ್ನು ಮೂರು ಎಣಿಸುವಷ್ಟರಲ್ಲಿ ತೆಗೆದು ತೋರಿಸಿದಳು. ವಕೀಲೆ ತೆಪ್ಪಗೆ ದಾರಿ ಬಿಟ್ಟಳು. ಅರ್ಧ ಗಂಟೆಯಲ್ಲಿ ಹೊಸ ಬೀಗ ಕೂತಿತು. ಇದ್ದ ಎರಡು ಕೀಲಿಕೈಯನ್ನೂ ಅವಳ ಅಂಗೈಗೆ ಹಾಕಿ, "ಮೂರನೇದು ಇಲ್ಲ," ಎಂದ.

ಕಾರ್ಡು ಓದಿದ ಮೇಲೆ ಕೋರಾ ವಾನ್ ಡ್ಯೂಸನ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಫ್ರೆಂಚನ್ನು ಫೆರ್ನಾಂದ್ ಒಂದೊಂದೇ ಸಾಲು ಬಿಡಿಸಿ ಹೇಳಿದ್ದಳು. "ಅವರಿಗೆ ಗೊತ್ತಿತ್ತು," ಎಂದಳು ವಕೀಲೆ. "ಗೊತ್ತಿದ್ದೇ ಕೀ ವಾಪಸ್ ಕೊಟ್ಟಿದಾರೆ. ಇದು ನಿಮಗೊಬ್ಬರಿಗಲ್ಲ, ಉಳಿದ ಇಬ್ಬರಿಗೂ ಸಾಕಾಗುತ್ತೆ. ನೋಡಿ, ಆರ್.ಜಿ. ಅಂತ ಹಾಕಿ ಅರ್ಜಿ ತಯಾರು ಮಾಡಿದೀನಿ."

ರೊಸೇರ್ ಜೇಬಿನಿಂದ ಪೆನ್ನು ತೆಗೆದು ಫರ್ನ್‌ಕಿಲ್ ಕಾರ್ಡಿನತ್ತ ಕೈ ಚಾಚಿದ.

"ಅಯ್ಯೋ, ಅದರ ಮೇಲೆ ಏನೂ ಬರೀಬೇಡಿ! ಅದು ಸಾಕ್ಷಿ!"

"ನನಗೂ ಗೊತ್ತು ಕಣ್ರಿ. ಪಕ್ಕಕ್ಕೆ ಸರಿಸ್ತಿದ್ದೆ," ಎಂದು ಅವನು ಇನ್ನೊಂದು ಜೇಬಿನಿಂದ ಖಾಲಿ ಕಾರ್ಡು ತೆಗೆದ. ಅಂಗಡಿಯಿಂದ ಏನು ಹೊರಗೆ ಹೋದರೂ ಬರೆದಿಡುವುದು ಕ್ರಮ. "ಆಗಸ್ಟ್ 11, 2021. ಫರ್ನ್‌ಕಿಲ್ ಕಾರ್ಡು. ಕೋರಾ ವಾನ್ ಡ್ಯೂಸನ್‌ಗೆ. ಆದೇಶ:" ಎಂದು ಬರೆದು ನಿಲ್ಲಿಸಿದ. ಆ ಜಾಗದಲ್ಲಿ ಇದುವರೆಗೆ ಅಧ್ಯಕ್ಷರು, ಯಜಮಾನರು, ಮಾಲೀಕರು ಎಂದಷ್ಟೇ ಬರೆದು ಅವನಿಗೆ ರೂಢಿ. ಆಮೇಲೆ ದೊಡ್ಡ ಅಕ್ಷರದಲ್ಲಿ ಪೂರ್ತಿ ಬರೆದ: ರೊಸೇರ್ ಎಮಿಲ್ ಗೊಡ್ರೊ.

ಕಾರ್ಡನ್ನು ವಕೀಲೆಯ ಕಡೆಗೆ ತಿರುಗಿಸಿ, "ಅರ್ಜೀಲೂ ಇದನ್ನೇ ಹಾಕಿ," ಎಂದ.

"ಯೋಚನೆ ಮಾಡಿದೀ‌ರಾ? ಊರೆಲ್ಲ ಓದುತ್ತೆ."

"ಓದಲಿ. ನಮ್ಮ ಮಾವನ ಹೆಸರು ಬಯಲಿಗೆ ತಂದು ನಾನೊಬ್ಬ ಎರಡಕ್ಷರದ ಹಿಂದೆ ಅಡಗಿ ಕೂರಲಾ?" ಎಂದ ರೊಸೇರ್. ಆಮೇಲೆ ಫರ್ನ್‌ಕಿಲ್ ಕಾರ್ಡಿನ ಮೇಲಿಂದ ಕೈ ತೆಗೆಯದೆಯೇ ಹೇಳಿದ: "ಆದ್ರೆ ಮೊದಲು ರಸೀದಿ ಕೊಡಿ."

ವಕೀಲೆ ರಸೀದಿ ಬರೆದುಕೊಟ್ಟಳು. ಅವನು ಅದನ್ನು ಓದಲಿಲ್ಲ. ಮಡಿಸಿ ಫೆರ್ನಾಂದಳ ಕೈಗೆ ಕೊಟ್ಟ.